ಯಾಕೆ ಅಂತ ಒಂದು ಪುಟ

ಬೂವನಹಳ್ಳಿ ಕಡೆಯಿಂದ

ಹಾಸನಕ್ಕೆ ವಿಮಾನ ಬರುತ್ತದೆ ಎಂಬ ಮಾತನ್ನು ನಾನು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಕೇಳುತ್ತಿದ್ದೇನೆ. ಬೂವನಹಳ್ಳಿಯಲ್ಲಿ ಇಳಿಯುತ್ತದಂತೆ, ಜಾಗ ಗೊತ್ತು ಮಾಡಿದ್ದಾರಂತೆ, ಇನ್ನೇನು ಆಗಿಯೇ ಹೋಯಿತಂತೆ. ಕೊನೆಗೂ ನನಗೆ ವಿಮಾನ ಹತ್ತುವ ಯೋಗ ಬಂದಾಗ ಬೂವನಹಳ್ಳಿ ಇನ್ನೂ ತಯಾರಾಗಿರಲಿಲ್ಲ. ಹಾಗಾಗಿ ಎಲ್ಲರಂತೆ ನಾನೂ ಕೆಂಪು ಬಸ್ಸು ಹತ್ತಿ ಬೆಂಗಳೂರಿನ ದಾರಿ ಹಿಡಿದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಸಾಮಾನು ನೋಡಿ, "ಎಲ್ಲಿಗವ್ವ ಇಷ್ಟು ದೊಡ್ ಪೆಟ್ಗೆ?" ಅಂದಳು.

"ಫಿನ್ಲೆಂಡಿಗೆ."

"ಅದೆಲ್ಲೈತೆ?"

"ಬಲು ದೂರ. ಚಳಿ ದೇಶ."

"ಮಗ್ಳು ಬಾಣಂತನವಾ?"

ನಮ್ಮ ಕಡೆ ಐವತ್ತರ ಆಸುಪಾಸಿನ ಹೆಂಗಸು ಹೊರದೇಶಕ್ಕೆ ಹೊರಟರೆ ಬೇರೆ ಕಾರಣ ಇರಲು ಸಾಧ್ಯವೇ ಇಲ್ಲ. ಇಲ್ಲವ್ವ, ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಪಾಠ ಹೇಗೆ ಮಾಡುತ್ತೀಯ ಅಂತ ಹೇಳು ಬಾ ಎಂದು ಕರೆದಿದ್ದಾರೆ ಅಂದೆ. ಅವಳು ನಂಬಿದಂತೆ ಕಾಣಲಿಲ್ಲ. ಚನ್ನರಾಯಪಟ್ಟಣದಲ್ಲಿ ಇಳಿಯುವಾಗ, "ಮಗೀಗೆ ಥಂಡಿ ಆಗ್ದಂಗೆ ನೋಡ್ಕಳವ್ವ" ಎಂದು ಹೇಳಿಯೇ ಇಳಿದಳು.

ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೆ ಬಂದರೆ ನನಗೆ ಈಗ ಒಬ್ಬರ ನೆನಪಾಗುತ್ತದೆ. ಅಲ್ಲಿ ಕಬ್ಬಿಣ, ಪೈಪು, ಬಣ್ಣ ಮಾರುವ ಅಂಗಡಿಯವರು. ಅವರ ಮಗ ನನ್ನ ವಿದ್ಯಾರ್ಥಿ. ಕೆಲವು ತಿಂಗಳ ಹಿಂದೆ ಅವರು ಸ್ಕೂಟರಿನಲ್ಲಿ ಹಾಸನದವರೆಗೂ ಬಂದು ನನ್ನ ಮೇಜಿನ ಮುಂದೆ ನಿಂತರು.

"ಏನ್ ಮೇಡಂ, ಕಂಪ್ಯೂಟ್ರು ಕಲೀಲಿ ಅಂತ ಸೇರ್ಸಿದ್ರೆ ನೀವು ಕತೆ ಬರ್ಸ್ತಿದ್ದೀರಂತೆ? ಅಂಗ್ಡಿ ಬಾಗ್ಲಾಕಿ ಊಟಕ್ಕೆ ಕುಂತ್ರೆ ಇವ್ನು ಎದ್ರಿಗೆ ಕುಂತ್ಕಂಡು ಓದ್ತಾನೆ. ಪ್ರಶ್ನೆ ಕೇಳಪ್ಪಾ ಪ್ರಶ್ನೆ ಕೇಳಪ್ಪಾ ಅಂತಾನೆ. ನಾನೇನ್ ಕೇಳ್ಲಿ ಸಾಂಬಾರ್ ಬುಟ್ಟು?"

ಅವರ ಸಿಟ್ಟಿನ ಕಾರಣ ಹೇಳಿಬಿಡುತ್ತೇನೆ. ನಾನು ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತೇನೆ. ಒಂದೇ ಕಂಪ್ಯೂಟರನ್ನು ಹತ್ತಾರು ಕೆಲಸಗಳು ಕಿತ್ತಾಡದೆ ಹೇಗೆ ಹಂಚಿಕೊಳ್ಳುತ್ತವೆ ಎಂಬ ವಿಚಾರ ಅದು. ಹುಡುಗರಿಗೆ ಪ್ರೋಗ್ರಾಂ ಬರೆಸುತ್ತೇನೆ, ಅದರ ಜೊತೆಗೆ ಮಾತನ್ನೂ ಬರೆಸುತ್ತೇನೆ. ಪಾಠದ ಒಂದು ವಿಷಯವನ್ನು ತೆಗೆದುಕೊಂಡು ಕಂಪ್ಯೂಟರ್ ಗೊತ್ತಿಲ್ಲದ ಮನೆಯವರೊಬ್ಬರಿಗೆ ಅರ್ಥವಾಗುವಂತೆ ವಾರಕ್ಕೊಂದು ಪುಟ ಬರೆಯಬೇಕು. ಕನ್ನಡವೋ ಇಂಗ್ಲಿಷೋ, ಅವರವರ ಇಷ್ಟ. ಬರೆದದ್ದನ್ನು ಆ ಮನುಷ್ಯರಿಗೆ ಓದಿ ಹೇಳಬೇಕು. ಅವರು ಕೇಳಿದ ಪ್ರಶ್ನೆಯನ್ನು ಕೆಳಗೆ ಬರೆದು, ಅದಕ್ಕೆ ಉತ್ತರ ಹುಡುಕಿ ತರಬೇಕು. ಅಂಕ ಹೆಚ್ಚಾಗಿ ಇರುವುದು ಆ ಕೊನೆಯ ಭಾಗಕ್ಕೇ.

ನಮ್ಮ ಕಾಲೇಜುಗಳಲ್ಲಿ ಬರೆಸುವುದು ಹೊಸದೇನಲ್ಲ. ರೆಕಾರ್ಡ್ ಎಂಬುದೊಂದಿದೆ. ಲ್ಯಾಬಿನಲ್ಲಿ ಮಾಡಿದ ಪ್ರೋಗ್ರಾಮನ್ನು ದಪ್ಪ ಪುಸ್ತಕದಲ್ಲಿ ಬಲಗಡೆ ಪೆನ್ನಿನಿಂದ, ಎಡಗಡೆ ಚಿತ್ರವನ್ನು ಪೆನ್ಸಿಲ್ಲಿನಿಂದ ಬರೆಯಬೇಕು. ಹೋದ ವರ್ಷದವರ ರೆಕಾರ್ಡ್ ನೋಡಿ ಈ ವರ್ಷದವರು, ಇವರದ್ದು ನೋಡಿ ಬರುವ ವರ್ಷದವರು. ಯಾವುದೋ ಕಾಲದಲ್ಲಿ ಯಾರೋ ಮಾಡಿದ ತಪ್ಪು ಕೂಡ ಹಾಗೇ ಇಳಿದು ಬರುತ್ತಿರುತ್ತದೆ. ಕೈ ನೋಯುವವರೆಗೂ ಹೀಗೆ ನಕಲು ಬರೆಸಿದರೆ ಯಾವ ಅಪ್ಪನೂ ಸ್ಕೂಟರ್ ಹತ್ತಿ ಬರುವುದಿಲ್ಲ. ಒಂದೇ ಒಂದು ಪುಟ ಸ್ವಂತವಾಗಿ ಬರಿ ಅಂದದ್ದಕ್ಕೆ ಊರೆಲ್ಲ ಗುಲ್ಲು!

ಗುಲ್ಲು ನಮ್ಮ ವಿಭಾಗದ ಮುಖ್ಯಸ್ಥರಾದ ರಂಗನಾಥ ಸರ್ ಕಿವಿಗೂ ಬಿತ್ತು. ಅವರು ಹೊಳೆನರಸೀಪುರದವರು. ದೇವಸ್ಥಾನದ ಬೀದಿಯಲ್ಲಿ ತಲೆತಲಾಂತರದಿಂದ ಪೂಜೆ, ಪಾಠ ಎಂದು ಬದುಕಿದ ಮನೆತನ. ಇವತ್ತಿಗೂ ದಿನಾ ಬೆಳಗ್ಗೆ ಅಲ್ಲಿಂದಲೇ ಬರುತ್ತಾರೆ. ಕೆಟ್ಟವರಲ್ಲ, ಪಾಠ ಚೆನ್ನಾಗಿ ಮಾಡುತ್ತಾರೆ. ಆದರೆ ಕೆಲಸ ಕೊಡಲು ಬರುವ ಕಂಪನಿಗಳ ಹೆಸರು ಕೇಳಿದರೆ ಅವರಿಗೆ ಮೈಯೆಲ್ಲ ಭಯ.

"ನೋಡಿ ಸುಮಿತ್ರ ಮೇಡಂ, ನಮ್ಮ ಹುಡುಗ್ರು ಪ್ರೋಗ್ರಾಂ ಬರೀಬೇಕು. ಪ್ರಬಂಧ ಬರೆಯೋಕೆ ಆರ್ಟ್ಸ್ ಕಾಲೇಜಿದೆ. ಅದೂ ಅಲ್ದೆ ಈಗ ಏನು ಕೇಳಿದ್ರೂ ಆ ಎಐ ಬರ್ಕೊಡುತ್ತೆ. ನೀವು ಯಾರ ಬರಹಕ್ಕೆ ಮಾರ್ಕ್ಸ್ ಕೊಡ್ತಿದ್ದೀರಿ?"

ಇದು ನಡೆಯುತ್ತಿರುವಾಗಲೇ ಫಿನ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ನನಗೆ ಕರೆ ಬಂತು. ಕಂಪ್ಯೂಟರ್ ಪಾಠದಲ್ಲಿ ಬರೆಸುವುದನ್ನು ನಾನು ಕಲಿತದ್ದೇ ಅಲ್ಲಿನ ಮೇಷ್ಟ್ರುಗಳು ಬರೆದದ್ದನ್ನು ಓದಿ. ರಂಗನಾಥ ಸರ್ ಯೋಚನೆ ಮಾಡಿ ಒಂದು ಷರತ್ತು ಹಾಕಿದರು. "ಅಲ್ಲಿ ಈ ಬರೆಸೋ ಪದ್ಧತಿ ಇದೆಯೋ ಇಲ್ವೋ ನೋಡ್ಕೊಂಡು ಬನ್ನಿ. ಅಲ್ಲಿ ಹೇಗೆ ಮಾಡ್ತಾರೋ ಇಲ್ಲೂ ಹಾಗೇ ಮಾಡೋಣ. ಇದ್ರೆ ಇರ್ಲಿ. ಇಲ್ಲಾಂದ್ರೆ ಈ ಸೆಮಿಸ್ಟರಿಂದ ನಿಲ್ಸಿಬಿಡೋಣ. ಆಯ್ತಾ?"

ಆಯ್ತು ಸರ್ ಅಂದೆ. ಗೆದ್ದೆ ಅಂದುಕೊಂಡೇ ಅಂದೆ. ಕಲಿಸಿದವರೇ ಬಿಟ್ಟಿರುತ್ತಾರೆಯೇ?

ಕೆರೆ ದಂಡೆಯ ಊರು

ನಾನು ಹೋದ ಊರಿನ ಹೆಸರನ್ನು ಸರಿಯಾಗಿ ಹೇಳಲು ನನಗೆ ಕೊನೆಯವರೆಗೂ ಬರಲಿಲ್ಲ. ಆದ್ದರಿಂದ ಬರೆಯುವ ಸಾಹಸವನ್ನೂ ಮಾಡುವುದಿಲ್ಲ. ಹೆಲ್ಸಿಂಕಿಯಲ್ಲಿ ಇಳಿದು ರೈಲು ಹತ್ತಿ ಹೋಗಬೇಕು. ದಾರಿಯುದ್ದಕ್ಕೂ ಕೆರೆ, ಮರ, ಕೆರೆ, ಮರ. ಒಂದೂ ಕೆರೆಗೆ ಏರಿ ಇಲ್ಲ, ತೂಬಿಲ್ಲ. ಯಾರೂ ಕಟ್ಟಿಸಿದ್ದಲ್ಲವಂತೆ, ತಾನಾಗಿ ಆದದ್ದಂತೆ. ಕೆರೆ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಡುವ ಊರಿನಿಂದ ಹೋದ ನನಗೆ ಅಷ್ಟೊಂದು ನೀರು ಪುಕ್ಕಟೆ ಬಿದ್ದಿರುವುದು ನೋಡಿ ಸ್ವಲ್ಪ ಹೊಟ್ಟೆಯುರಿಯಿತು.

ಆಗಸ್ಟ್ ತಿಂಗಳು. ಅವರಿಗೆ ಅದು ಬೇಸಿಗೆ. ನಾನು ಸ್ವೆಟರ್ ಮೇಲೆ ಶಾಲು ಹೊದ್ದು ಓಡಾಡುತ್ತಿದ್ದರೆ ಅವರು ತೋಳಿಲ್ಲದ ಅಂಗಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದರು.

ಮೊದಲ ಬೆಳಗ್ಗೆಯೇ ಬಸ್ಸು ತಪ್ಪಿಸಿಕೊಂಡೆ. ನಿಲ್ದಾಣದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಜೊತೆ ಸಿಕ್ಕಿತೆಂದು ನಾನು ಹೋಗಿ ಪಕ್ಕ ನಿಂತೆ. ಅವಳು ಒಂದು ಹೆಜ್ಜೆ ಆಚೆ ಸರಿದಳು. ನನಗೆ ಜಾಗ ಬಿಡುತ್ತಿದ್ದಾಳೆ, ಪಾಪ, ಎಂದುಕೊಂಡು ಇನ್ನೂ ಹತ್ತಿರ ಹೋದೆ. ಹೀಗೆ ಸರಿದು ಸರಿದು ಅವಳು ಸೂರಿನಿಂದ ಹೊರಗೆ ಬಿಸಿಲಿಗೆ ಬಂದಳು, ಹಿಂದೆಯೇ ನಾನೂ ಬಂದೆ. ಆಮೇಲೆ ತಿಳಿಯಿತು, ಅಲ್ಲಿ ಇಬ್ಬರ ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ ಇರಬೇಕು. ಅವಳು ಹತ್ತುವ ಬಸ್ಸು ಬಂತು, ಹತ್ತಿದಳು. ನನ್ನ ಬಸ್ಸು ಬಂದಾಗ ನಾನು ಕೈ ಕಟ್ಟಿಕೊಂಡು ಶಿಸ್ತಾಗಿ ನಿಂತೆ. ಬಸ್ಸು ನನ್ನ ಮುಂದೆಯೇ ಹಾದು ಹೊರಟೇಹೋಯಿತು. ಅಲ್ಲೂ ಕೈ ಅಡ್ಡ ಹಾಕಬೇಕಂತೆ! ಮುಂದುವರಿದ ದೇಶ, ತಾನೇ ನಿಲ್ಲುತ್ತದೆ, ನಾನು ಹಳ್ಳಿಯವಳ ಹಾಗೆ ಕೈ ಬೀಸಬಾರದು ಎಂದು ಬಿಗಿ ಹಿಡಿದು ನಿಂತಿದ್ದೆ. ಅರಕಲಗೂಡಿನಲ್ಲಿ ನಿಂತ ಹಾಗೆ ನಿಂತಿದ್ದರೆ ಬಸ್ಸು ಸಿಗುತ್ತಿತ್ತು. ನಡೆದುಕೊಂಡು ಹೋದೆ.

ಮಧ್ಯಾಹ್ನದ ಊಟ ಅವರಿಗೆ ಬೆಳಗ್ಗೆಯೇ ಶುರು. ನನ್ನನ್ನು ಕರೆಸಿದ್ದ ಮಾರ್ಯಾ ಎಂಬ ಪ್ರಾಧ್ಯಾಪಕಿ, ಇಲ್ಲಿನ ವಿಶೇಷ ತಿನ್ನು ಎಂದು ಬಹಳ ಅಕ್ಕರೆಯಿಂದ ತಟ್ಟೆಗೆ ಬಡಿಸಿದಳು. ನೋಡಿದರೆ ಆಲೂಗಡ್ಡೆ! ಸಿಪ್ಪೆ ಸಮೇತ ಬೇಯಿಸಿದ ಪುಟ್ಟ ಗಡ್ಡೆಗಳು, ಮೇಲೆ ಬೆಣ್ಣೆ, ಅದರ ಮೇಲೆ ಸಾಕ್ಷಾತ್ ನಮ್ಮ ಸಬ್ಬಸಿಗೆ ಸೊಪ್ಪು. ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಗಡ್ಡೆ ಮೂಟೆಗಳ ಮೇಲೆ ಆಡಿ ಬೆಳೆದವಳನ್ನು ವಿಮಾನದಲ್ಲಿ ಕರೆಸಿ ಆಲೂಗಡ್ಡೆ ತಿನ್ನಿಸುತ್ತೀಯಲ್ಲೇ ತಾಯಿ ಎಂದು ನಗು ಬಂತು. ಆದರೆ ಸಬ್ಬಸಿಗೆಯನ್ನು ನಾವು ಅಕ್ಕಿರೊಟ್ಟಿಗೆ ಹಾಕುವುದೇ ಹೊರತು ಬೆಣ್ಣೆ ಸವರಿದ ಆಲೂಗಡ್ಡೆಗೆ ಹಾಕಿ ನೋಡಿಲ್ಲ. ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಗಮನಿಸಿದ ಇನ್ನೊಂದು ಸಂಗತಿ ಎಂದರೆ ಅವರ ಭಾಷೆ. ನಮ್ಮ ರಾಜ್ಯದ ಜನಸಂಖ್ಯೆಯ ಮುಂದೆ ಅವರದ್ದು ಏನೇನೂ ಅಲ್ಲ. ಆದರೂ ಹುಡುಗರು ಕಂಪ್ಯೂಟರ್ ಪಾಠವನ್ನು ಅವರ ಮಾತಿನಲ್ಲೇ ಕೇಳುತ್ತಾರೆ. ನಮ್ಮ ಹುಡುಗರು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಬರೆಯುತ್ತಾರೆ, ಅದಕ್ಕೆ ಕಾಲೇಜಿನಲ್ಲಿ ಬೈಸಿಕೊಳ್ಳುತ್ತೇನೆ ಅಂದೆ. ಮಾರ್ಯಾ, "ಮತ್ತೆ ಇನ್ಯಾವ ಮಾತಿನಲ್ಲಿ ಬರೆಯುತ್ತಾರೆ?" ಎಂದು ಕೇಳಿದಳು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಆ ಕ್ಷಣ ನನಗೆ ಅವಳ ಮೇಲೆ ತುಂಬ ಪ್ರೀತಿ ಉಕ್ಕಿತು.

ಮಾತಿಲ್ಲದ ಮೀಟಿಂಗು

ಮಾರನೇ ದಿನ ಅವರ ವಿಭಾಗದ ಮೀಟಿಂಗಿಗೆ ಕರೆದುಕೊಂಡು ಹೋದಳು. ಉದ್ದ ಮೇಜು, ಸುತ್ತ ಹತ್ತು ಹನ್ನೆರಡು ಜನ, ಎಲ್ಲರ ಮುಂದೆ ಒಂದೊಂದು ಹಾಳೆ, ಒಂದೊಂದು ಲೋಟ ಕಾಫಿ. ಕೂತರು. ಯಾರೂ ಮಾತಾಡಲಿಲ್ಲ. ಇನ್ನೂ ಮಾತಾಡಲಿಲ್ಲ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಿ ಸುಸ್ತಾಗಿ ಕೂತ ಯಾತ್ರಿಕರೂ ಇಷ್ಟು ಸುಮ್ಮನಿರುವುದಿಲ್ಲ.

ನಮ್ಮ ಕಡೆ ಮೀಟಿಂಗಿನಲ್ಲಿ ಸದ್ದಿಲ್ಲ ಎಂದರೆ ಎರಡೇ ಅರ್ಥ. ಒಂದೋ ಯಾರಿಗೋ ಯಾರ ಮೇಲೋ ಕೋಪ ಬಂದಿದೆ, ಇಲ್ಲವೇ ಮಾತಾಡಬೇಕಾದವರು ಮರೆತು ಕೂತಿದ್ದಾರೆ. ಅತಿಥಿಯಾದ ನಾನೇ ಮೊದಲು ಎರಡು ಮಾತು ಆಡಲಿ ಎಂದು ಕಾಯುತ್ತಿದ್ದಾರೇನೋ ಎನ್ನಿಸಿ, ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ನನ್ನನ್ನು ಕರೆಸಿದ್ದಕ್ಕೆ ಎಲ್ಲರಿಗೂ ವಂದನೆ, ನಮ್ಮ ಹಾಸನ ಜಿಲ್ಲೆಯು ಶಿಲ್ಪಕಲೆಗೆ ಹೆಸರಾದದ್ದು ಎಂದು ಶುರು ಮಾಡಿಯೇ ಬಿಟ್ಟೆ. ಎಲ್ಲರೂ ಗಾಬರಿಯಿಂದ ತಲೆ ಎತ್ತಿದರು. ಎದುರಿಗಿದ್ದ ಬಿಳಿ ಗಡ್ಡದ ಹಿರಿಯರು ಒಂದು ಬೆರಳೆತ್ತಿ, ನನ್ನ ಮುಂದಿನ ಹಾಳೆಯನ್ನು ಮೆಲ್ಲಗೆ ತೋರಿಸಿದರು. ಬೇಲೂರಿನ ಹೊಸ್ತಿಲಲ್ಲೇ ನನ್ನ ಭಾಷಣ ನಿಂತಿತು.

ಅವರ ಪದ್ಧತಿ ಅದು. ವಿಭಾಗದಲ್ಲಿ ಏನನ್ನಾದರೂ ಶುರು ಮಾಡಬೇಕೆನ್ನುವವರು, ಅಥವಾ ನಿಲ್ಲಿಸಬೇಕೆನ್ನುವವರು, ಯಾಕೆ ಎಂದು ಒಂದು ಪುಟ ಬರೆದು ತರಬೇಕು. ಮೀಟಿಂಗಿನಲ್ಲಿ ಎಲ್ಲರೂ ಮೊದಲು ಅದನ್ನು ಸುಮ್ಮನೆ ಓದುತ್ತಾರೆ. ಓದಿ ಮುಗಿದ ಮೇಲೇ ಮಾತು. ಪುಟ ಇಲ್ಲದಿದ್ದರೆ ಆ ವಿಷಯವೇ ಇಲ್ಲ.

ನನಗಾಗಿ ಇಂಗ್ಲಿಷಿನಲ್ಲಿ ಇಟ್ಟಿದ್ದ ಹಾಳೆಯನ್ನು ಓದಿದೆ. ಬರಹದ ಅಸೈನ್‌ಮೆಂಟುಗಳನ್ನು ಹೋದ ವರ್ಷ ನಿಲ್ಲಿಸಿದಂತೆ ಈ ವರ್ಷವೂ ನಿಲ್ಲಿಸುವುದು, ಅದರ ಬದಲು ಎದುರು ಕೂರಿಸಿಕೊಂಡು ಬಾಯಿ ಪರೀಕ್ಷೆ ಮಾಡುವುದು ಎಂದಿತ್ತು. ಇನ್ನೊಮ್ಮೆ ಓದಿದೆ. ಓದು ಮುಗಿದ ಮೇಲೆ ನಾಲ್ಕು ಮಾತಾಡಿ ಎಲ್ಲರೂ ಅದಕ್ಕೆ ಒಪ್ಪಿದರು.

ಹೊರಗೆ ಬಂದ ಮೇಲೆ ಮಾರ್ಯಾಳನ್ನು ಕೇಳಿದೆ. "ನೀವೇ ಬಿಟ್ಟ ಮೇಲೆ ನನ್ನನ್ನು ಯಾಕೆ ಕರೆಸಿದಿರಿ?"

"ನೀನು ಇನ್ನೂ ಬಿಟ್ಟಿಲ್ಲ ಎಂದು ಕೇಳಿದೆವು. ಅಂಥವರು ಈಗ ಕಡಿಮೆ. ಹೇಗೆ ಸಾಧ್ಯ ಎಂದು ತಿಳಿಯಬೇಕಿತ್ತು."

ತನ್ನ ಕಷ್ಟವನ್ನೂ ಹೇಳಿಕೊಂಡಳು. ನಿಲ್ಲಿಸುವ ಮುಂಚಿನ ಚಳಿಗಾಲವೆಲ್ಲ ಕೂತು ವಿದ್ಯಾರ್ಥಿಗಳ ಬರಹ ತಿದ್ದಿದಳಂತೆ. ಎಲ್ಲವೂ ಒಂದೇ ನುಣುಪು, ಒಂದೇ ಧಾಟಿ, ಒಂದೂ ತಪ್ಪಿಲ್ಲ. ನಾನು ಯಂತ್ರಕ್ಕೆ ಬುದ್ಧಿ ಹೇಳುತ್ತಾ ಕೂತಿದ್ದೇನೆ ಎಂದು ಒಂದು ದಿನ ಅಳು ಬಂತಂತೆ. ನಾನು ಅವಳ ಕೈ ಹಿಡಿದುಕೊಂಡೆ. ಅವಳ ದುಃಖ ಸುಳ್ಳಲ್ಲ. ಆದರೆ ಅಷ್ಟು ದೂರ ಹೋಗಿ ನಾನು ಕೇಳಿದ್ದು ರಂಗನಾಥ ಸರ್ ಹಾಸನದಲ್ಲಿ ಕೂತು ಹೇಳಿದ ಮಾತನ್ನೇ. ಅದಕ್ಕೆ ಸಿಟ್ಟು ಕೂಡ ಬಂತು.

"ನೀವು ಕೊಡುತ್ತಿದ್ದ ಪ್ರಶ್ನೆ ತೋರಿಸು" ಅಂದೆ. ತೋರಿಸಿದಳು. ಡೆಡ್‌ಲಾಕ್ ಎಂದರೇನು, ಉದಾಹರಣೆಯೊಡನೆ ವಿವರಿಸಿ. ಅಷ್ಟೇ ಇತ್ತು.

ಕೆರೆಯ ಮೆಟ್ಟಿಲು

ಮಧ್ಯಾಹ್ನ ಕೆರೆಯ ಪಕ್ಕದ ಮರದ ಮೆಟ್ಟಿಲ ಮೇಲೆ ಕೂತೆ. ಮರುದಿನ ನನ್ನ ಮಾತು. ಅದಕ್ಕಿಂತ ದೊಡ್ಡ ಚಿಂತೆ ಹಿಂದಿರುಗಿದ ಮೇಲಿನದು. ಷರತ್ತಿನ ಪ್ರಕಾರ ನಾನು ಸೋತೆ. ನಿಜ ಹೇಳಿದರೆ ಆ ಒಂದು ಪುಟ ಹೋಗುತ್ತದೆ, ಮತ್ತೆ ರೆಕಾರ್ಡಿನ ನಕಲೊಂದೇ ಉಳಿಯುತ್ತದೆ. ಸುಳ್ಳು ಹೇಳಿದರೆ ಉಳಿಯುತ್ತದೆ. ಹೌದು ಸರ್, ಅಲ್ಲೂ ಬರೆಸುತ್ತಾರೆ ಎಂದುಬಿಟ್ಟರೆ ಯಾರು ಬಂದು ನೋಡುತ್ತಾರೆ? ಆ ಊರಿನ ಹೆಸರನ್ನೇ ಅವರು ಹೇಳಲಾರರು. ಈ ಯೋಚನೆ ಬಂದು ಹೋಯಿತು ಎಂದರೆ ಸುಳ್ಳು, ಬಂದು ಪಕ್ಕದಲ್ಲೇ ಕೂತಿತ್ತು.

ಏನೇ ಆಗಲಿ, ನಾಳೆಯ ಮಾತನ್ನು ಮೊದಲು ಕನ್ನಡದಲ್ಲಿ ಒಂದು ಪುಟ ಬರೆದೆ. ಬರೆದ ಮೇಲೆ ನನ್ನ ನಿಯಮ ನನಗೂ ಉಂಟಲ್ಲ, ಅರಕಲಗೂಡಿಗೆ ಫೋನ್ ಮಾಡಿದೆ. ನನ್ನ ಅವ್ವ ಅಣ್ಣನ ಮನೆಯಲ್ಲಿದ್ದಾಳೆ. ಅಣ್ಣನ ಮನೆ ಅನ್ನುವುದು ಹೆಸರಿಗೆ, ಅಲ್ಲಿ ನಡೆಯುವುದೆಲ್ಲ ಅವ್ವನ ಮಾತೇ. ಹೊಲದಿಂದ ಕಿತ್ತ ಗಡ್ಡೆ ಅಂಗಳಕ್ಕೆ ಬಂದು ಬೀಳುತ್ತಿತ್ತು.

"ಏಯ್, ಮೂಟೆ ಅಂಗ್ ಎತ್ತಾಕ್ಬ್ಯಾಡ್ರಲಾ, ಗಡ್ಡೆ ಜಜ್ಜೋಯ್ತವೆ! ಊಂ, ಏಳವ್ವ ಸುಮಿ, ಉಂಡ್ಯಾ? ಏನ್ ಆಕ್ತಾರೆ ಅಲ್ಲಿ?"

"ಗಡ್ಡೆ ಕಣವ್ವ."

"ಯಾವ್ ಗಡ್ಡೆ?"

"ನಮ್ಮ ಗಡ್ಡೇನೆ. ಆಲೂಗಡ್ಡೆ."

"ಅಯ್ಯೋ ಶಿವ್ನೇ! ಅದ್ಕೆ ಅಷ್ಟ್ ದೂರ ಓಗ್ಬೇಕಿತ್ತಾ?"

ಪುಟವನ್ನು ಓದಿ ಹೇಳಿದೆ. ನಡುವೆ ಎರಡು ಸಲ ಆಳುಗಳಿಗೆ ಬೈದಳು, ಆದರೂ ಪೂರ್ತಿ ಕೇಳಿದಳು. ಇವರು ನಿಲ್ಲಿಸಿಬಿಟ್ಟಿದ್ದಾರೆ, ಅದರಿಂದ ನಾನೂ ನಿಲ್ಲಿಸಬೇಕಾಗಿದೆ ಎಂಬುದನ್ನೂ ಹೇಳಿದೆ. "ಈಗ ಏನಾದ್ರೂ ಕೇಳವ್ವ" ಅಂದೆ.

"ಕೇಳೋದೇನೈತೆ? ಅವ್ರು ಬುಟ್ರೆ ಬುಡ್ಲಿ. ನೀನು ಸುರು ಮಾಡಿದ್ದು ಅವ್ರನ್ನ ಕೇಳ್ಕಂಡಾ?"

"ಬರ್ಸೋದು ಅವ್ರು ಬರ್ದಿದ್ದು ಓದಿ ಕಲ್ತಿದ್ದು. ಮನೆಯೋರಿಗೆ ಓದಿ, ಅವ್ರ ಪ್ರಶ್ನೆ ತನ್ನಿ ಅನ್ನೋದು ಮಾತ್ರ ನಂದೇ ಕಣವ್ವ."

"ಅಂಗಾರೆ ಅವ್ರು ಅವ್ರುದ್ನ ಬುಟ್ಟವ್ರೆ. ನೀನು ನಿಂದ್ಯಾಕೆ ಬುಡ್ತೀಯ?"

ಅಷ್ಟು ಹೇಳಿದವಳೇ, "ಏಯ್, ಆ ಸಣ್ಣವು ಬ್ಯಾರೆ ಆಕ್ರೋ" ಎಂದು ಕೂಗುತ್ತಾ ಫೋನ್ ಇಟ್ಟಳು. ಪಕ್ಕದಲ್ಲಿ ಕೂತಿದ್ದ ಸುಳ್ಳು ಆಗಲೇ ಎದ್ದು ಹೋಗಿತ್ತು.

ನನ್ನ ಮಾತು

ಮರುದಿನ ಬೇರೆ ಬೇರೆ ಊರುಗಳಿಂದ ಬಂದ ಮೇಷ್ಟ್ರುಗಳೂ ಸೇರಿ ಕೋಣೆ ತುಂಬಿತ್ತು. ನಾನು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಸ್ವೆಟರ್ ಹಾಕಿ ನಿಂತೆ. ಶಿಲ್ಪಕಲೆಯ ಸುದ್ದಿಗೆ ಹೋಗಲಿಲ್ಲ. ನೇರವಾಗಿ ರೂಪಾಳ ವಿಷಯ ಹೇಳಿದೆ.

ರೂಪಾ ನುಗ್ಗೇಹಳ್ಳಿಯ ಹುಡುಗಿ. ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಡೆಡ್‌ಲಾಕ್ ಎಂದರೆ, ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನ ಕೈಯಲ್ಲಿ, ಅವನಿಗೆ ಬೇಕಾದದ್ದು ಇವನ ಕೈಯಲ್ಲಿ, ಇಬ್ಬರೂ ಬಿಡದೆ ಕಾಯುತ್ತಾ ನಿಂತುಬಿಡುವುದು. ಅದನ್ನು ಅವಳು ತನ್ನ ದೊಡ್ಡಮ್ಮನಿಗೆ ತೋಟದ ದಾರಿಯಾಗಿ ಬರೆದಳು. ಎರಡು ಕಡೆ ಬೇಲಿ, ನಡುವೆ ಒಂದೇ ಗಾಡಿಯ ಜಾಗ. ಆ ಕಡೆಯಿಂದ ಕಾಯಿ ತುಂಬಿದ ಟ್ರ್ಯಾಕ್ಟರು, ಈ ಕಡೆಯಿಂದ ಗೊಬ್ಬರದ ಟ್ರ್ಯಾಕ್ಟರು. ಎದುರುಬದುರು ನಿಂತವು. ಯಾರೂ ಹಿಂದೆ ಹೋಗುವುದಿಲ್ಲ. ಪುಸ್ತಕದಲ್ಲಿ ಇರುವಂತೆ ಯಾರಾದರೂ ಒಬ್ಬರನ್ನು ಹಿಂದಕ್ಕೆ ಕಳಿಸಬೇಕು ಎಂದು ಬರೆದು, ಅಲ್ಲಿಗೆ ಮುಗಿಯಿತು ಎಂದು ಓದಿ ಹೇಳಿದಳು. ದೊಡ್ಡಮ್ಮ ಕೇಳಿದಳಂತೆ: "ಇವತ್ತು ಇಂದಕ್ಕೆ ಸರ್ದೋನ್ಗೆ ನಾಳೀಕಾದ್ರೂ ಮೊದ್ಲು ದಾರಿ ಬುಡ್ತಾರಾ, ಇಲ್ಲಾ ದಿನಾ ಅವ್ನೇ ಓಗ್ಬೇಕಾ?"

ರೂಪಾಳಿಗೆ ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ನನ್ನ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಸೆಮಿಸ್ಟರಿನಲ್ಲಿ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ದಿನಾ ಒಬ್ಬನೇ ಹಿಂದೆ ಸರಿಯುವ ಕಷ್ಟಕ್ಕೂ ನಮ್ಮ ಪಾಠದಲ್ಲಿ ಹೆಸರಿದೆ, ಪರಿಹಾರವೂ ಇದೆ. ಮುಂದಿನ ಅಧ್ಯಾಯದಲ್ಲಿ ಬರುತ್ತದೆ. ಅದನ್ನು ಅವಳು ತಾನಾಗಿ ಓದಿದಳು, ದೊಡ್ಡಮ್ಮನಿಗೆ ಉತ್ತರ ಕೊಡಬೇಕಿತ್ತಲ್ಲ.

"ನಿಮ್ಮ ಪ್ರಶ್ನೆಯಲ್ಲಿ ಯಾರಿಗೆ ವಿವರಿಸಬೇಕು ಎಂಬುದೇ ಇಲ್ಲ" ಎಂದು ಹೇಳಿದೆ. "ಯಾರಿಗೂ ಅಲ್ಲದ ಬರಹವನ್ನು ಯಾರು ಬೇಕಾದರೂ ಬರೆದುಕೊಡಬಹುದು, ಯಂತ್ರವೂ ಬರೆದುಕೊಡುತ್ತದೆ. ಯಂತ್ರ ಬಂದು ನಿಮ್ಮ ಪದ್ಧತಿಯನ್ನು ಕೆಡಿಸಲಿಲ್ಲ. ಅದು ಮೊದಲೇ ಸೊರಗಿತ್ತು, ಯಂತ್ರ ಬಂದು ತೋರಿಸಿತು."

ಇಷ್ಟು ಬಿರುಸಾಗಿ ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಬಾಯಿಂದ ಬಂದೇ ಬಿಟ್ಟಿತು. ಹೇಳಿ ಮುಗಿಸಿದೆ. ಕೋಣೆಯಲ್ಲಿ ಸದ್ದಿಲ್ಲ. ಈ ಸಲ ನಾನು ಗಾಬರಿಯಾಗಲಿಲ್ಲ, ಸುಮ್ಮನೆ ನಿಂತು ನೀರು ಕುಡಿದೆ. ಕೊನೆಗೆ ಬಿಳಿ ಗಡ್ಡದ ಹಿರಿಯರು ಬೆರಳೆತ್ತಿದರು.

"ಆ ದೊಡ್ಡಮ್ಮನ ಪ್ರಶ್ನೆಯನ್ನೂ ವಿದ್ಯಾರ್ಥಿ ಯಂತ್ರದಿಂದಲೇ ಬರೆಸಿದರೆ?"

"ಬರೆಸುತ್ತಾರೆ" ಅಂದೆ. "ಬಹಳ ಸಲ ಗೊತ್ತಾಗುತ್ತದೆ. ಯಂತ್ರದ ದೊಡ್ಡಮ್ಮನಿಗೆ ತಾಳ್ಮೆ ಜಾಸ್ತಿ, ಪೂರ್ತಿ ಕೇಳುತ್ತಾಳೆ, ತುಂಬ ಚೆನ್ನಾಗಿದೆ ಮಗು ಅನ್ನುತ್ತಾಳೆ. ನಮ್ಮ ಕಡೆಯ ದೊಡ್ಡಮ್ಮಂದಿರು ಹಾಲು ಉಕ್ಕುತ್ತದೆ ಬೇಗ ಹೇಳು ಅನ್ನುತ್ತಾರೆ. ಕೆಲವು ಸಲ ಗೊತ್ತಾಗುವುದಿಲ್ಲ, ಮೋಸ ಹೋಗುತ್ತೇನೆ. ಅದಕ್ಕಾಗಿ ರೂಪಾಳ ದೊಡ್ಡಮ್ಮನನ್ನೂ ಮನೆಗೆ ಕಳಿಸಿಬಿಡಲೇ? ನಾನು ಕಳಿಸುವುದಿಲ್ಲ."

ಅವರು ತಲೆಯಾಡಿಸಿದರು. ಒಪ್ಪಿದರೋ, ಕೇಳಿಸಿತು ಎಂದರೋ, ಅವರ ತಲೆಯಾಟದಿಂದ ಹೇಳುವುದು ಕಷ್ಟ. ಅವರ ತೀರ್ಮಾನವೇನೂ ಬದಲಾಗಲಿಲ್ಲ. ಬದಲಾಗಬೇಕಿದ್ದರೆ ಯಾರಾದರೂ ಪುಟ ಬರೆಯಬೇಕಲ್ಲ.

ಹೊರಡುವ ದಿನ ಮಾರ್ಯಾ ರೈಲಿನವರೆಗೆ ಬಂದಳು. ಹಿಂದಿನ ಸಂಜೆ ತನ್ನ ತಂದೆಗೆ ಡೆಡ್‌ಲಾಕ್ ಬಗ್ಗೆ ಹೇಳಿ ನೋಡಿದಳಂತೆ. ಎರಡು ದೋಣಿಗಳ ಕತೆ ಮಾಡಿ ಹೇಳಿದಳಂತೆ.

"ಏನು ಕೇಳಿದರು?"

"ಇಷ್ಟು ವರ್ಷ ನೀನು ಮಾಡುತ್ತಿದ್ದದ್ದು ಇದನ್ನೇನಾ ಎಂದು ಕೇಳಿದ" ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅವಳಪ್ಪನಿಗೆ ಅಲ್ಲಿಯವರೆಗೂ ಮಗಳ ಕೆಲಸ ಏನೆಂದೇ ತಿಳಿದಿರಲಿಲ್ಲ. ಅಪ್ಪಿಕೊಳ್ಳೋಣವೆಂದು ಮುಂದೆ ಹೋದೆ, ನಡುವಿನ ಎಮ್ಮೆಯ ಜಾಗ ನೆನಪಾಗಿ ನಿಂತೆ. ಅವಳೇ ಬಂದು ಅಪ್ಪಿಕೊಂಡಳು.

ಹಾಸನ

ಮೈಯ ನಿದ್ದೆಯೆಲ್ಲ ಇನ್ನೂ ಅಲ್ಲೇ ಇತ್ತು, ಆದರೂ ಸೋಮವಾರ ಕಾಲೇಜಿಗೆ ಹೋದೆ. ವಿಭಾಗದ ಎಲ್ಲರನ್ನೂ ರಂಗನಾಥ ಸರ್ ತಮ್ಮ ಕೋಣೆಗೆ ಕರೆಸಿದ್ದರು. ನಾನು ತಂದಿದ್ದ ಚಾಕಲೇಟು ಒಂದು ಸುತ್ತು ಹೋಯಿತು. ಕಪ್ಪಗೆ ಉಪ್ಪುಪ್ಪಾಗಿ ಇದ್ದ ಇನ್ನೊಂದು ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡವರೆಲ್ಲ ಒಬ್ಬೊಬ್ಬರಾಗಿ ಎದ್ದು ಕಿಟಕಿ ಕಡೆ ಹೋಗಿ ಬಂದರು.

"ಹೇಳಿ ಮೇಡಂ. ಅಲ್ಲಿ ಬರೆಸ್ತಾರಾ?"

"ಇಲ್ಲ ಸರ್. ಮುಂಚೆ ಬರೆಸ್ತಿದ್ರು. ಈಗ ನಿಲ್ಲಿಸಿದ್ದಾರೆ."

ಅವರು ಇಷ್ಟು ಸುಲಭವಾಗಿ ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ನಾನು ಹೇಳಿರ್ಲಿಲ್ವಾ? ನಂಗೇನೂ ಸಂತೋಷ ಇಲ್ಲ ಮೇಡಂ. ಆದ್ರೆ ಅವ್ರೇ ನಿಲ್ಸಿದ ಮೇಲೆ ಮುಗೀತಲ್ಲ. ನಾವೂ ನಿಲ್ಸೋಣ."

"ಆಗ್ಲಿ ಸರ್. ಅಲ್ಲಿ ಹೇಗೆ ಮಾಡ್ತಾರೋ ಇಲ್ಲೂ ಹಾಗೇ ಮಾಡೋಣ ಅಂದಿದ್ರಿ."

"ಅಂದಿದ್ದೆ."

"ಅಲ್ಲಿ ಏನಾದ್ರೂ ನಿಲ್ಲಿಸ್ಬೇಕಾದ್ರೆ, ನಿಲ್ಲಿಸ್ಬೇಕು ಅನ್ನೋರು ಯಾಕೆ ಅಂತ ಒಂದು ಪುಟ ಬರೆದು ತರ್ತಾರೆ. ಎಲ್ಲಾರೂ ಕೂತು ಓದ್ತಾರೆ. ಪುಟ ಇಲ್ಲಾಂದ್ರೆ ನಿಲ್ಲಿಸೋ ಹಾಗಿಲ್ಲ. ನೀವೂ ಒಂದು ಪುಟ ಬರ್ಕೊಡಿ ಸರ್."

ಕೋಣೆಯಲ್ಲಿ ಯಾರೋ ಕೆಮ್ಮಿದರು. ಅದು ಮಿಠಾಯಿಯ ಕೆಮ್ಮಲ್ಲ.

"ಅಷ್ಟೇ ತಾನೆ? ಬರೆದ್ರಾಯ್ತು" ಅಂದರು ಸರ್.

"ಇನ್ನೊಂದಿದೆ ಸರ್. ಅದು ಅವರದ್ದಲ್ಲ, ನಮ್ಮದು. ಬರೆದಿದ್ದನ್ನ ಮನೇಲಿ ಕಂಪ್ಯೂಟರ್ ಗೊತ್ತಿಲ್ದೇ ಇರೋ ಯಾರಿಗಾದ್ರೂ ಓದಿ ಹೇಳಿ. ಅವರೇನು ಕೇಳಿದ್ರು, ನೀವೇನು ಉತ್ತರ ಕೊಟ್ರಿ ಅಂತ ಕೆಳಗೆ ಬರೀರಿ. ಹುಡುಗರು ವಾರವಾರ ಮಾಡೋದನ್ನ ನಾವು ಒಂದ್ಸಲ ಮಾಡೋಕಾಗಲ್ವಾ?"

ಸರ್ ನನ್ನನ್ನು ನೋಡಿದರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ನಕ್ಕುಬಿಟ್ಟರು. "ನಮ್ಮಮ್ಮಂಗೆ ಓದ್ಬೇಕಾ? ಆಯ್ತು ಮೇಡಂ. ಮುಂದಿನ ಸೋಮವಾರ ತಂದ್ಕೊಡ್ತೀನಿ. ಅಲ್ಲೀವರೆಗೂ ನಿಮ್ಮದು ನಡೀಲಿ."

ಆ ಸೋಮವಾರ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ನಾನು ಕೇಳಲು ಹೋಗಲಿಲ್ಲ. ಚನ್ನರಾಯಪಟ್ಟಣದ ಹುಡುಗ ಒಂದು ದಿನ ತನ್ನ ಪುಟ ತಂದ, ಕೆಳಗೆ ಅವನಪ್ಪನ ಪ್ರಶ್ನೆ ಇತ್ತು. ಅಂಗಡಿಯಲ್ಲಿ ಗಿರಾಕಿ ಜಾಸ್ತಿಯಾದಾಗ ಯಾರಿಗೆ ಮೊದಲು ಸಾಮಾನು ಕೊಡಬೇಕು ಎಂಬುದಕ್ಕೂ ನಿಮ್ಮಲ್ಲಿ ಲೆಕ್ಕ ಉಂಟಾ ಎಂದು ಅವರು ಕೇಳಿದ್ದರು. ಸಾಂಬಾರ್ ಬಿಟ್ಟು ಬೇರೆ ಕೇಳಿದ್ದಕ್ಕೆ ನನಗೆ ಎಷ್ಟು ಖುಷಿಯಾಯಿತು ಎಂದರೆ ಆ ಪುಟವನ್ನು ಇಡೀ ಕ್ಲಾಸಿಗೆ ಓದಿದೆ.

ಮೊನ್ನೆ ಸ್ಟಾಫ್ ರೂಮಿನ ಬಾಗಿಲಲ್ಲಿ ರಂಗನಾಥ ಸರ್ ಎದುರಾದರು. ನಾನು ಬಾಯಿ ತೆರೆಯುವ ಮುಂಚೆಯೇ, "ಬರೆದಿದ್ದೀನಿ ಮೇಡಂ, ಪುಟ ಬರೆದಾಗಿದೆ" ಅಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಅಮ್ಮಂಗೆ ಓದ್ದೆ. ಒಂದು ಪ್ರಶ್ನೆ ಕೇಳಿದ್ರು. ಅದಕ್ಕೆ ಏನು ಉತ್ತರ ಕೊಡೋದು ಅಂತ ಇನ್ನೂ ಹೊಳೀತಿಲ್ಲ" ಅಂದರು.

ಏನು ಕೇಳಿದರು ಎಂದು ನಾನು ಕೇಳಲಿಲ್ಲ. "ಅದನ್ನೇ ಕೆಳಗೆ ಬರೀಬೇಕು ಸರ್" ಎಂದು ಹೇಳಿ, ಆ ವಾರದ ಬರಹ ಕೊಡಲು ಕ್ಲಾಸಿಗೆ ಹೋದೆ.